ಕೊಳಚೆ ಪ್ರದೇಶಗಳ ಪುನರ್ನಿರ್ಮಾಣ ಮತ್ತು ಮನೆ ಹಂಚಿಕೆಯ ವ್ಯಾಜ್ಯಗಳು

ಸಿದ್ದರಬೆಟ್ಟದ ಸುತ್ತಣ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪಟ್ಟಣಗಳಿಗೂ ರಾಜಧಾನಿಗೂ ಅನ್ವಯಿಸುವುದು 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಅಧಿನಿಯಮವೇ. ಪ್ರದೇಶವನ್ನು ಕೊಳಚೆಯೆಂದು ಘೋಷಿಸುವ ಅಧಿಕಾರ ಅದರ 3ನೆಯ ಪ್ರಕರಣದಲ್ಲಿದೆ. ಆದರೆ ವ್ಯಾಜ್ಯಗಳು ಹೆಚ್ಚಾಗಿ ಹುಟ್ಟುವುದು ಮನೆ ಹಂಚುವಾಗ: ಹಕ್ಕು ಪಟ್ಟಿಯಲ್ಲಿ ಹೆಸರಿರುವವನದೋ, ಸೂರಿನಡಿ ಬಾಳುತ್ತಿರುವವನದೋ?

ಇದಕ್ಕೆ ನಿಕಟವಾದ ನಿದರ್ಶನ ಬೆಂಗಳೂರಿನ ಈಜಿಪುರದ್ದು. ದುರ್ಬಲ ವರ್ಗದವರಿಗಾಗಿ ನಗರಪಾಲಿಕೆಯು ಕಟ್ಟಿಸಿದ 1,512 ಮನೆಗಳು ಶಿಥಿಲವಾಗಿ, ಕೆಲವು ಕುಸಿದವು. ಮರುನಿರ್ಮಾಣದ ಹೊತ್ತಿಗೆ ಅಲ್ಲಿ ಮೂಲ ಹಂಚಿಕೆದಾರರೊಡನೆ ಬಾಡಿಗೆದಾರರೂ ಭೋಗ್ಯದವರೂ ತಗಡಿನ ಶೆಡ್ಡುಗಳಲ್ಲಿದ್ದರು. ಉಚ್ಚ ನ್ಯಾಯಾಲಯದ ಆದೇಶದ ತರುವಾಯ 2013ರ ಜನವರಿಯಲ್ಲಿ ಎಲ್ಲರನ್ನೂ ತೆರವುಗೊಳಿಸಲಾಯಿತು. ಹೊಸ ಮನೆಗಳು ಮೂಲ ಹಂಚಿಕೆದಾರರಿಗೆಂದೇ ಉದ್ದಿಷ್ಟವಾದವು. ವರ್ಷಗಟ್ಟಲೆ ಬಾಡಿಗೆ ತೆತ್ತವರ ವಾಸ್ತವ್ಯಕ್ಕೆ ಲೆಕ್ಕವಿರಲಿಲ್ಲ.

ಮುಂಬಯಿಯ ಪಾದಚಾರಿ ಮಾರ್ಗವಾಸಿಗಳ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ (1985) ಸರ್ವೋಚ್ಚ ನ್ಯಾಯಾಲಯವು ಜೀವನೋಪಾಯವನ್ನು ಜೀವಿಸುವ ಹಕ್ಕಿನ ಅಂಗವೆಂದು ಸಾರಿತಷ್ಟೆ. ಅಲ್ಲಿಯೂ ಬದಲಿ ನಿವೇಶನವನ್ನು 1976ರ ಗಣತಿಗೆ ಒಳಪಟ್ಟವರಿಗೆ ಒದಗಿಸಬೇಕೆಂದಿತು. ಗಣತಿಯ ದಿನ ಕೂಲಿಗೆ ಹೋಗಿ ಬಾಗಿಲಿಗೆ ಬೀಗ ಹಾಕಿದ್ದವನ ಗತಿಯೇನು? ತಾಲ್ಲೂಕು ಪಟ್ಟಣಗಳಲ್ಲಿ ಈ ಪ್ರಶ್ನೆ ಇನ್ನೂ ಸಣ್ಣದಾಗಿರುವಾಗಲೇ, ಹಂಚಿಕೆಯ ಪಟ್ಟಿಯನ್ನು ಸ್ಥಳದಲ್ಲಿಯೇ ಪ್ರಕಟಿಸಿ, ಬಾಡಿಗೆದಾರರನ್ನೂ ಪ್ರತ್ಯೇಕವಾಗಿ ದಾಖಲಿಸಿ, ಆಕ್ಷೇಪಣೆ ಆಲಿಸಿದ ಮೇಲೆಯೇ ಮನೆ ಕೆಡವುವುದು ಯುಕ್ತವೆಂದು ನಾವು ಭಾವಿಸುತ್ತೇವೆ.