12345654321: ಇದು ಪವಾಡದ ಸಂಖ್ಯೆಯೇ?

ವಾಡಿಯಿಂದ ಚಿತ್ತಾಪುರ ದಾಟಿ ಸೇಡಂ ಕಡೆಗೆ ಹೋಗುವ ರೈಲು ಹಾದಿಯಲ್ಲಿ ಮಳಖೇಡ ರೋಡ್ ಎಂಬ ನಿಲ್ದಾಣವಿದೆ. ಕಾಗಿಣಾ ನದಿ ದಂಡೆಯ ಮಳಖೇಡ ಊರೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಹೊಗಳಿದ್ದಾನೆ. ಸುಮಾರು ಕ್ರಿ.ಶ. 850ರ ಈ ಸಂಸ್ಕೃತ ಗ್ರಂಥದಲ್ಲಿ ಒಂದು ಗುಣಾಕಾರವಿದೆ:

27994681 × 441 = 12345654321

ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಸಂಖ್ಯೆಗಳನ್ನು ಮಹಾವೀರ ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಇದರಲ್ಲಿ ಏನಾದರೂ ಪವಾಡವಿದೆಯೇ?

ಇಲ್ಲ. 12345654321 ಎಂಬುದು 111111ರ ವರ್ಗ. ಶಾಲೆಯಲ್ಲಿ ಕಲಿತಂತೆ 111111 × 111111 ಬರೆದು ನೋಡಿ. ಆರು ಸಾಲು ಬರುತ್ತವೆ, ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿಯುತ್ತದೆ. ಬಲತುದಿಯ ಮನೆಯಲ್ಲಿ ಒಂದೇ 1, ಮುಂದಿನದರಲ್ಲಿ ಎರಡು, ಹೀಗೆ ಆರರವರೆಗೆ ಏರಿ ಮತ್ತೆ ಇಳಿಯುತ್ತದೆ. ಯಾವ ಮನೆಯಲ್ಲೂ ಮೊತ್ತ 9 ದಾಟದ ಕಾರಣ ದಶಕ ಹಿಡಿಯುವ ಪ್ರಮೇಯವೇ ಬರುವುದಿಲ್ಲ.

ಹಾಗಾದರೆ 441 ಎಲ್ಲಿಂದ ಬಂತು?

111111 = 3 × 7 × 11 × 13 × 37. ವರ್ಗ ಮಾಡಿದಾಗ ಪ್ರತಿ ಅಪವರ್ತನವೂ ಎರಡೆರಡು ಸಲ ಬರುತ್ತದೆ. 3 ಮತ್ತು 7ರ ಜೋಡಿಗಳನ್ನು ಬೇರೆ ತೆಗೆದರೆ 21 × 21 = 441. ಉಳಿದದ್ದು 5291 × 5291, ಅದೇ 27994681.

ಈ ವಿನ್ಯಾಸ ಎಲ್ಲಿಯವರೆಗೆ ನಡೆಯುತ್ತದೆ?

ಒಂಬತ್ತು 1ಗಳವರೆಗೆ. 111111111ರ ವರ್ಗ 12345678987654321. ಹತ್ತು 1ಗಳನ್ನು ತೆಗೆದುಕೊಂಡರೆ ನಡುಮನೆಯ ಮೊತ್ತ 10 ಆಗಿ ದಶಕ ಎಡಕ್ಕೆ ಹೋಗುತ್ತದೆ. ಉತ್ತರ 1234567900987654321, ಹಾರ ಕೆಡುತ್ತದೆ. ನಾವು ಹತ್ತರ ಲೆಕ್ಕದಲ್ಲಿ ಎಣಿಸುವುದೇ ಈ ಮಿತಿಗೆ ಕಾರಣ. ಬೇರೆ ಪದ್ಧತಿಯಲ್ಲಿ ಎಣಿಸಿದರೆ ಮಿತಿಯೂ ಬದಲಾಗುತ್ತದೆ. ಹಾಗಾಗಿ ಇದನ್ನು ಅದೃಷ್ಟ ಸಂಖ್ಯೆ ಎನ್ನಲು ಆಧಾರವಿಲ್ಲ.

ಪ್ರಾಚೀನರು ಹೇಳಿದ್ದೆಲ್ಲ ಸರಿಯೇ?

ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಮಹಾವೀರ ಬರೆದದ್ದು ಆ ಕಾಲದ ಸಂಖ್ಯೆಗಳ ಮಟ್ಟಿಗೆ ಸರಿ. ಆದರೆ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ ಎಂದದ್ದು ತಪ್ಪು. 6 ÷ 0 = 6 ಆಗಬೇಕಾದರೆ 6 × 0 ಕೂಡ 6 ಆಗಬೇಕು, ಅದು 0. ಹೊಗಳುವ ಮೊದಲು, ತಳ್ಳಿಹಾಕುವ ಮೊದಲು ಹೀಗೆ ಪರೀಕ್ಷಿಸಿ ನೋಡಬಹುದು.

ಮಳಖೇಡದ ಹೆಸರಿನೊಂದಿಗೆ ಬೆಸೆದ ಈ ಹಾರ ಪವಾಡವಲ್ಲ ಎಂದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ. ಸುಮಾರು 1,170 ವರ್ಷಗಳ ಹಿಂದಿನ ಆ ಲೆಕ್ಕವನ್ನು ಸೇಡಂ, ಶಹಾಬಾದ್, ಚಿಂಚೋಳಿಯ ಯಾವ ಶಾಲೆಯ ಮಗುವಾದರೂ ಇಂದು ಕಾಗದದ ಮೇಲೆ ತಾಳೆ ನೋಡಬಹುದು.