ತೋಟಕ್ಕೆ ಕೊಳೆ, ಬೆಟ್ಟಕ್ಕೆ ಬರ

ಮಳೆಗಾಲದಲ್ಲಿ ಅಡಿಕೆಗೆ ರೋಗ, ಬೇಸಿಗೆಯಲ್ಲಿ ಬತ್ತಿದ ಹಳ್ಳ. ಬದಲಾದ ಹವಾಮಾನಕ್ಕೆ ಶರಾವತಿ ಸೀಮೆಯ ಅನ್ನ-ನೀರು ಹೊಂದಿಕೊಳ್ಳಬೇಕಾದರೆ ಸಂಶೋಧನೆ ಮರದ ಬುಡದಲ್ಲಿ ನಿಲ್ಲದೆ ಸೊಪ್ಪಿನಬೆಟ್ಟದ ನೆತ್ತಿಯವರೆಗೆ ಹತ್ತಬೇಕಿದೆ.

ಕಾರ್ಗಲ್ ಎಂದರೆ ನಾಡಿನ ಉಳಿದವರಿಗೆ ಕರೆಂಟಿನ ಊರು. ಒಂದು ಕಡೆ ಲಿಂಗನಮಕ್ಕಿ, ಇನ್ನೊಂದು ಕಡೆ ತಳಕಳಲೆ, ಹತ್ತಿರದಲ್ಲೇ ಜೋಗ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ 151 ಟಿಎಂಸಿ ಅಡಿ ನೀರು ನಿಲ್ಲಬಲ್ಲದು. ಆ ನೀರು ತಳಕಳಲೆಗೆ ಬಂದು, ಅಲ್ಲಿಂದ ಇಳಿದು ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ. ಇಷ್ಟು ನೀರಿನ ಮಗ್ಗುಲಲ್ಲೇ ಇರುವ ಹಳ್ಳಿಗಳಲ್ಲಿ ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ, ತೋಟಕ್ಕೆ ಹರಿದು ಬರುತ್ತಿದ್ದ ಅಬ್ಬಿ ನೀರು ನಿಲ್ಲುತ್ತದೆ. ಹೊರಗಿನವರಿಗೆ ಇದನ್ನು ನಂಬಿಸುವುದೇ ಕಷ್ಟ.

ನಂಬದಿರುವುದಕ್ಕೂ ಕಾರಣವಿದೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರದ ಬೆಟ್ಟಗಳ ಮಳೆಯನ್ನೆಲ್ಲ ಬಾಚಿಕೊಂಡು ಅದು ಸಾಗರ ತಾಲ್ಲೂಕಿಗೆ ಬರುತ್ತದೆ. ತೀರ್ಥಹಳ್ಳಿಯ ಆಗುಂಬೆ, ಹೊಸನಗರದ ಹುಲಿಕಲ್ ಎರಡೂ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳು. ಇಂಥ ಸೀಮೆಯಲ್ಲಿ ಬರದ ಮಾತು ಆಡುವ ಅಗತ್ಯ ಹಿಂದಿನವರಿಗೆ ಅಷ್ಟಾಗಿ ಬರಲಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಮಲೆನಾಡಿನ ಕೃಷಿಕರೂ ಬೋರ್‌ವೆಲ್ ಲಾರಿಗಳ ಹಿಂದೆ ಓಡಿದರು.

ಒಟ್ಟು ಮಳೆ ಎಷ್ಟು ಬಿತ್ತು ಎಂಬ ಒಂದೇ ಲೆಕ್ಕದಿಂದ ಇದು ಅರ್ಥವಾಗುವುದಿಲ್ಲ. ಮೃಗಶಿರೆಗೆ ಹಿಡಿದ ಮಳೆ ಆರಿದ್ರೆ, ಪುನರ್ವಸು, ಪುಷ್ಯಗಳುದ್ದಕ್ಕೂ ಸುರಿದು, ಮಘೆಯ ಹೊತ್ತಿಗೆ ಬಿಡುವು ಕೊಟ್ಟು, ಹಿಂಗಾರಿನಲ್ಲಿ ಗುಡುಗಿ ಮುಗಿಯುವುದು ಇಲ್ಲಿಯ ಕೃಷಿ ಪಂಚಾಂಗವಾಗಿತ್ತು. ಈಗ ಜೂನ್ ಒಣಗಿದಂತಿದ್ದು, ಜುಲೈ-ಆಗಸ್ಟ್‌ನ ಕೆಲವೇ ದಿನಗಳಲ್ಲಿ ಮಳೆ ಒಟ್ಟಿಗೇ ಬಂದು ಬೀಳುವ ವರ್ಷಗಳು ಹೆಚ್ಚಾಗಿವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಸಂದರ್ಭಗಳು ಮೂರು ಪಟ್ಟಾಗಿವೆ. ಅದಕ್ಕೆ ತೇವ ಒದಗಿಸುವುದರಲ್ಲಿ ಅರಬ್ಬಿ ಸಮುದ್ರದ ಪಾಲು ದೊಡ್ಡದು. ಆ ಸಮುದ್ರದ ಗಾಳಿಗೆ ಮೊದಲು ಎದೆಯೊಡ್ಡುವುದು ನಮ್ಮ ಘಟ್ಟ.

ಮೈಲುತುತ್ತದ ನೂರು ವರ್ಷ

ಈ ಸೀಮೆಯಲ್ಲಿ ಹವಾಮಾನ ಕೆಟ್ಟಿದ್ದು ಮೊದಲು ಗೊತ್ತಾಗುವುದು ಅಡಿಕೆ ಗೊನೆಯಲ್ಲಿ. ಕೊಳೆರೋಗ ತರುವ ಫೈಟಾಫ್ತೊರಾದ ಬೀಜಾಣುಗಳಿಗೆ ಕಾಯಿಯ ಮೇಲೆ ಸದಾ ನೀರಿನ ಪಸೆ ಬೇಕು, ತಂಪು ಬೇಕು. ನಡುನಡುವೆ ಬಿಸಿಲು ಹಣಕಿ ಮತ್ತೆ ಮಳೆ ಹಿಡಿದರಂತೂ ರೋಗ ಒಂದು ತೋಟದಿಂದ ಇನ್ನೊಂದಕ್ಕೆ ಬೇಗ ದಾಟುತ್ತದೆ. ಹಿಂದೆ ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆದು, ಮರ ಹತ್ತಿ, ಒಂದೊಂದು ಗೊನೆಗೂ ತೊಡಿಸುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗದ ಬೆನ್ನುಹತ್ತಿ, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇವತ್ತಿಗೂ ತೀರ್ಥಹಳ್ಳಿಯಿಂದ ಕಾರ್ಗಲ್‌ವರೆಗೆ ತೋಟ ಉಳಿಸುತ್ತಿರುವುದು ಅದೇ ಅಳತೆ.

ಆ ಅಳತೆ ಮಾಡಿದಾಗ ಮಳೆಗೊಂದು ಕ್ರಮವಿತ್ತು. ಮುಂಗಾರು ಹಿಡಿಯುವ ಮೊದಲು ಒಂದು ಸಿಂಪಡಣೆ, 40–45 ದಿನ ಬಿಟ್ಟು ಇನ್ನೊಂದು. ಎರಡನೆಯದಕ್ಕೆ ಮಳೆ ಒಂದೆರಡು ದಿನವಾದರೂ ಹೊಳವಾಗಬೇಕು. ಹೊಳವಾಗದಿದ್ದರೆ ಹೊಡೆದ ಔಷಧ ತೊಳೆದು ಬಸಿಗಾಲುವೆ ಸೇರುತ್ತದೆ, ಜಾರುವ ಮರಕ್ಕೆ ಕೊನೆಗೌಡರು ಹತ್ತುವುದೂ ಆಗುವುದಿಲ್ಲ. ಇದರ ಮೇಲೆ ಎಲೆಚುಕ್ಕೆ ರೋಗವೂ ಬಂದಿದೆ. ಕೆಲವೇ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳನ್ನು ಅದು ಆವರಿಸಿದ ರೀತಿಗೆ ಕೃಷಿಕರು ದಿಕ್ಕೆಟ್ಟರು. ಕೊಳೆ ಹಿಡಿದರೆ ಆ ವರ್ಷದ ಫಸಲು ಹೋಗುತ್ತದೆ. ಎಲೆಯೇ ಒಣಗಿದರೆ ಮರ ಸೊರಗಿ ಮುಂದಿನ ವರ್ಷಗಳ ಫಸಲೂ ಹೋಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯೂ, ಸಾಗರ ತಾಲ್ಲೂಕಿನ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೂ ಈ ಎಲೆಯ ಹಿಂದೆ ಬಿದ್ದಿವೆ. ಬೀಳಲೇಬೇಕು. ಒಂದು ಹೆಜ್ಜೆ ಮುಂದೆ ಹೋಗಿ, ಮಳೆ ಎಂದು ಹೊಳವಾಗುತ್ತದೆ, ರೋಗ ಎಂದು ಏರುತ್ತದೆ ಎಂಬುದನ್ನು ನಾಲ್ಕು ದಿನ ಮುಂಚೆ ಹೋಬಳಿಗೆ ಹೊಂದುವಂತೆ ಹೇಳಬಲ್ಲ ಮುನ್ಸೂಚನೆ ಬಂದರೆ ಹೊಸ ಶಿಲೀಂಧ್ರನಾಶಕಕ್ಕಿಂತ ಹೆಚ್ಚು ಉಪಕಾರವಾದೀತು. ನೂರು ವರ್ಷದಿಂದ ಮಣ್ಣಿಗೆ ಬಿದ್ದ ತಾಮ್ರ ತೋಟದ ಎರೆಹುಳಕ್ಕೆ, ಹಳ್ಳದ ಮೀನಿಗೆ ಏನು ಮಾಡುತ್ತಿದೆ ಎಂಬುದನ್ನೂ ಯಾರಾದರೂ ಕೂತು ನೋಡಬೇಕು.

ಆದರೆ ರೋಗದ ಸಂಶೋಧನೆಯೇ ಹೊಂದಾಣಿಕೆಯ ಸಂಶೋಧನೆ ಎಂದು ತಿಳಿದರೆ ಅರ್ಧ ಕೆಲಸ ಉಳಿಯುತ್ತದೆ. ತೋಟ ಕಣಿವೆಯಲ್ಲಿದೆ, ಅದರ ನೀರು, ಗೊಬ್ಬರ ಎರಡೂ ಮೇಲಿನ ಬೆಟ್ಟದಿಂದ ಬರುತ್ತವೆ.

ಬೆಟ್ಟ ಕುಡಿದ ನೀರು

ಅಡಿಕೆ ತೋಟದೊಂದಿಗೆ ಸೊಪ್ಪಿನಬೆಟ್ಟ ಸೇರಿಯೇ ಇರುವುದು ಮಲೆನಾಡಿನ ಹಳೆಯ ವ್ಯವಸ್ಥೆ. ಘಟ್ಟದ ಮೇಲಿನ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಹಸಿಸೊಪ್ಪು, ದರಗು, ಮುಚ್ಚಿಗೆ, ಕೊಟ್ಟಿಗೆಯ ಗೊಬ್ಬರ, ಎಲ್ಲದರ ಮೂಲ ಅಲ್ಲಿ. ಬೆಟ್ಟಕ್ಕೂ ಆಚೆ ಕಾನು. ಸೊರಬ ತಾಲ್ಲೂಕಿನ ಕಾನುಗಳನ್ನು ನೋಡಿ ಬ್ರಿಟಿಷ್ ಸರಕಾರದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದರು. ಊರವರು ಕಾಪಾಡಿಕೊಂಡು ಬಂದ ಆ ನಿತ್ಯಹಸಿರಿನ ತುಂಡುಗಳಲ್ಲಿ ಕಾಳುಮೆಣಸು, ಬೈನೆ, ಉಪ್ಪಾಗೆ, ಮುರುಗಲು ಸಿಗುತ್ತಿದ್ದವು. ಕಾನಿನ ಬುಡದಲ್ಲಿ ಹಳ್ಳ ಹುಟ್ಟುತ್ತಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ತಂಡ ಶರಾವತಿ ಕೊಳ್ಳದಲ್ಲಿ ವರ್ಷಗಟ್ಟಲೆ ದುಡಿದು ಕಂಡುಕೊಂಡ ಸಂಗತಿ ಈ ಇಡೀ ಚರ್ಚೆಯ ತಿರುಳು ಎಂದು ನಾನು ತಿಳಿದಿದ್ದೇನೆ. ಸ್ಥಳೀಯ ಜಾತಿಯ ಮರಗಳ ದಟ್ಟ ಕಾಡು ನೆತ್ತಿಯ ಮೇಲಿದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ. ಕಾಡು ಬೋಳಾಗಿದ್ದರೆ, ಇಲ್ಲವೇ ಒಂದೇ ಜಾತಿಯ ನೆಡುತೋಪಾಗಿದ್ದರೆ, ಅಷ್ಟೇ ಮಳೆ ಬಿದ್ದರೂ ಹಳ್ಳ ಕೆಲವು ತಿಂಗಳಲ್ಲಿ ನಿಲ್ಲುತ್ತದೆ. ಮೈಕ್ ಬೊನೆಲ್, ಜಗದೀಶ್ ಕೃಷ್ಣಸ್ವಾಮಿ ಮೊದಲಾದವರು ಉತ್ತರ ಕನ್ನಡದಲ್ಲಿ ಮಣ್ಣಿನ ನೀರು ಇಂಗಿಸುವ ಶಕ್ತಿಯನ್ನು ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಬೆಂಬಲವಾಗಿದೆ. ಸಹಜ ಕಾಡಿನ ಮಣ್ಣು ಬೇಗ ನೀರು ಕುಡಿಯುತ್ತದೆ. ತುಳಿತಕ್ಕೆ, ಕಡಿತಕ್ಕೆ ಸಿಕ್ಕಿ ಸವೆದ ಕಾಡಿನ ಮಣ್ಣಿಗೆ ಆ ಶಕ್ತಿ ಕುಂದಿರುತ್ತದೆ. ಮಳೆ ಒಮ್ಮೆಲೇ ಸುರಿಯುವ ಈ ಕಾಲದಲ್ಲಿ ಈ ವ್ಯತ್ಯಾಸಕ್ಕೆ ಎರಡು ಪಟ್ಟು ಬೆಲೆ: ಇಂಗದ ನೀರು ಆಗಸ್ಟ್‌ನಲ್ಲಿ ಗದ್ದೆ ಕೊಚ್ಚುತ್ತದೆ, ಏಪ್ರಿಲ್‌ನಲ್ಲಿ ಬಾವಿಗೆ ಸಿಗದೇ ಹೋಗುತ್ತದೆ.

ಇದನ್ನು ಬಲ್ಲ ನಾವೇ ಬೆಟ್ಟಕ್ಕೆ ಅಕೇಶಿಯಾ ತುಂಬಿದೆವು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ತಿರುಳುಮರಕ್ಕೆಂದು ಗುತ್ತಿಗೆ ಕೊಟ್ಟ ಅರಣ್ಯಭೂಮಿಯ 40 ವರ್ಷದ ಅವಧಿ 2020ರಲ್ಲಿ ಮುಗಿಯಿತು. ಅದನ್ನು ಮುಂದುವರಿಸಲು ಹೊರಟಾಗ ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಜನ ಎದ್ದರು. ಆ ಹೋರಾಟ ನ್ಯಾಯವಾದದ್ದು. ಬೇಡ ಎಂದ ಮೇಲೆ ಆ ನೆಲದಲ್ಲಿ ಏನು, ಹೇಗೆ, ಯಾರು ಬೆಳೆಸಬೇಕು ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ಗಟ್ಟಿಯಾಗಿ ಕೈ ಹಾಕಿಲ್ಲ. ಜೋಗದಿಂದ ಹೊನ್ನಾವರದ ದಾರಿ ಹಿಡಿದರೆ ಸಿಗುವ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳನ್ನು ನೋಡಿ ಬಂದವರಿಗೆ ಗೊತ್ತು: ಮೊಣಕಾಲಿನಂತೆ ಬಾಗಿದ ಬೇರುಗಳ ನಡುವೆ ಕಡುಬೇಸಿಗೆಯಲ್ಲೂ ನೀರು ಸದ್ದಿಲ್ಲದೆ ಹರಿಯುತ್ತಿರುತ್ತದೆ. ಅಂಥ ಒಂದು ಜಡ್ಡಿಯನ್ನು ಒತ್ತಿ ಅಡಿಕೆ ನೆಟ್ಟರೆ ಕೆಳಗಿನ ಹತ್ತು ತೋಟದ ಬೇಸಿಗೆ ನೀರಿಗೆ ಕುತ್ತು.

ಮುಳುಗಿಯೂ ಉಳಿಯುವ ಭತ್ತ

ಅನ್ನದ ವಿಚಾರಕ್ಕೆ ಬಂದರೆ ತಾಳಗುಪ್ಪದ ಕಡೆಗೆ ಹೋಗಬೇಕು. ಇಕ್ಕೇರಿ ಬಳಿಯ ವರದಾಮೂಲದಲ್ಲಿ ಹುಟ್ಟಿದ ವರದೆ ಆ ಬಯಲಿನಲ್ಲಿ ಮಳೆಗಾಲಕ್ಕೊಮ್ಮೆ ಗದ್ದೆಯ ಮೇಲೇ ಹರಿಯುತ್ತಾಳೆ. ಸಾಗರ-ಸೊರಬದ ಈ ನೆರೆಬಯಲಿನ ರೈತರು ನೆರೆಗೂಳಿ, ಕರೇಕಂಟಕ ಎಂಬ ತಳಿಗಳನ್ನು ಉಳಿಸಿಕೊಂಡಿದ್ದಾರೆ. ಮಳೆಗೆ ಮುಂಚೆಯೇ ಒಣಮಣ್ಣಿಗೆ ಬಿತ್ತಿ, ನೆರೆ ಬರುವಷ್ಟರಲ್ಲಿ ಪೈರು ಬಲಿಯುವಂತೆ ನೋಡಿಕೊಳ್ಳುತ್ತಾರೆ. ವಾರಕ್ಕೂ ಹೆಚ್ಚು ಮುಳುಗಿದ್ದರೂ ನೀರು ಇಳಿದ ಮೇಲೆ ಅದು ಮತ್ತೆ ಚಿಗುರುತ್ತದೆ.

ಇದೇ ಗುಣವನ್ನು ಲೋಕ ಹುಡುಕಿ ತಂದದ್ದು ಒಡಿಶಾದ ಒಂದು ನಾಡತಳಿಯಿಂದ. ಎಫ್‌ಆರ್‌13ಎ ಎಂದು ದಾಖಲಾದ ಆ ಭತ್ತದಲ್ಲಿ ಮುಳುಗಡೆ ತಾಳುವ ವಂಶವಾಹಿಯನ್ನು 2006ರಲ್ಲಿ ಗುರುತಿಸಿದರು. ಅದನ್ನು ಸ್ವರ್ಣ ತಳಿಗೆ ಸೇರಿಸಿದ ‘ಸ್ವರ್ಣ-ಸಬ್1’ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಗಿ ಲಕ್ಷಾಂತರ ರೈತರನ್ನು ತಲುಪಿತು. ಒಡಿಶಾದ ತಳಿಗೆ ಸಿಕ್ಕ ಗಮನ ವರದೆಯ ಬಯಲಿಗೂ ಸಿಗಬೇಕು. ಸಿಗದೆ ಇನ್ನೊಂದು ತಲೆಮಾರು ಕಳೆದರೆ ನೆರೆಗೂಳಿಯ ಗದ್ದೆಯೂ ಅಡಿಕೆಯಾಗಿರುತ್ತದೆ. ಗದ್ದೆ ತೋಟವಾಗುವುದು ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕಿನಲ್ಲಿ ಕಣ್ಣೆದುರಿಗೇ ನಡೆದಿದೆ. ನೆಟ್ಟಿಗೆ ಆಳಿಲ್ಲ, ಭತ್ತಕ್ಕೆ ಬೆಲೆಯಿಲ್ಲ, ಅಡಿಕೆಗೆ ಇದೆ. ರೈತರನ್ನು ದೂರಿ ಪ್ರಯೋಜನವಿಲ್ಲ. ಆದರೆ ನಾಲ್ಕು ತಿಂಗಳು ನೀರು ನಿಲ್ಲಿಸಿ ಇಂಗಿಸುತ್ತಿದ್ದ ಗದ್ದೆ ಬೇಸಿಗೆಯಲ್ಲಿ ನೀರು ಬೇಡುವ ತೋಟವಾದಾಗ ಕೊಳ್ಳದ ನೀರಿನ ಲೆಕ್ಕ ಎರಡೂ ಕಡೆಯಿಂದ ಕೆಡುತ್ತದೆ.

ಅಪ್ಪೆಮಿಡಿಯದೂ ಇಂಥದೇ ಪಾಡು. ಹೊಳೆ-ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆದ ಈ ಮಾವಿನ ಮಿಡಿಗೆ 2009ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಹೂ ಬಿಡಲು ಅದಕ್ಕೆ ಒಣ ಚಳಿ ಬೇಕು. ಅಕಾಲದ ಮಳೆ, ಮೋಡ ಹಿಡಿದ ಜನವರಿಯಲ್ಲಿ ಹೂ ಕರಟುತ್ತದೆ. ಸಾಗರ, ಹೊಸನಗರದ ಕೃಷಿಕರು ಒಳ್ಳೆಯ ಮರಗಳ ಕಸಿ ಕಟ್ಟಿ ಉಳಿಸಿಕೊಂಡಿರುವುದರಿಂದ ಇವತ್ತಿಗೂ ನಮ್ಮ ಊಟದಲ್ಲಿ ಆ ಘಮವಿದೆ.

ಯಾರ ಬೆಟ್ಟ, ಯಾರ ನೀರು

ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಸಾರ್ವಜನಿಕ ಅಹವಾಲು ಕಾರ್ಗಲ್‌ನಲ್ಲೂ ನಡೆಯಿತು. ಸೌರ, ಪವನ ವಿದ್ಯುತ್ತನ್ನು ಕೂಡಿಡಲು ಇದು ಬೇಕು, ಹವಾಮಾನಕ್ಕೆ ಒಳ್ಳೆಯದು ಎಂಬ ವಾದವಿದೆ. ವಾದ ಪೂರ್ತಿ ಸುಳ್ಳಲ್ಲ. ಆದರೆ ಯೋಜನೆಯ ಜಾಗ ಸಿಂಗಳೀಕ ಅಭಯಾರಣ್ಯದ ಒಳಗಿದೆ. ಹವಾಮಾನದ ಹೆಸರಿನಲ್ಲೇ ನೀರು ಹಿಡಿಯುವ ಕಾಡನ್ನು ಕಡಿಯುವುದನ್ನು ನಾನು ಒಪ್ಪಲಾರೆ.

ಲಿಂಗನಮಕ್ಕಿಯ ಮುಳುಗಡೆಯ ಸಂತ್ರಸ್ತರ ಮಾತಿಲ್ಲದೆ ಇಲ್ಲಿ ಯಾವ ಸಂಪನ್ಮೂಲ ನಿರ್ವಹಣೆಯೂ ಪೂರ್ಣವಲ್ಲ. ಒಳ್ಳೆಯ ಗದ್ದೆ-ತೋಟ ನೀರಿಗೆ ಬಿಟ್ಟು ಗುಡ್ಡ ಹತ್ತಿದ ಕುಟುಂಬಗಳಲ್ಲಿ ಅನೇಕರಿಗೆ ಅರವತ್ತು ವರ್ಷವಾದರೂ ಹಕ್ಕುಪತ್ರ ಕೈಗೆ ಬಂದಿಲ್ಲ. ನಾಳೆ ಎಬ್ಬಿಸಿಯಾರು ಎಂಬ ಅಂಜಿಕೆಯಲ್ಲಿರುವವರಿಗೆ ಇಂಗುಗುಂಡಿ ತೋಡಿ, ಕಾಡುಜಾತಿ ಸಸಿ ನೆಡಿ ಎಂದು ಹೇಳುವುದು ಯಾವ ಬಾಯಿಂದ?

ಮಳೆ ಅಳೆಯಲು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಾಪಕಗಳು ಬಂದಿವೆ. ಅಷ್ಟೇ ಶ್ರದ್ಧೆ ಹಳ್ಳದ ಹರಿವು ಅಳೆಯುವುದರಲ್ಲಿ ಕಾಣುತ್ತಿಲ್ಲ. ಇರುವಕ್ಕಿಯ ವಿಶ್ವವಿದ್ಯಾಲಯ ಇದೇ ಕೊಳ್ಳದ ನೆರೆಯಲ್ಲಿದೆ, ವಿದ್ಯಾರ್ಥಿಗಳೂ ಇದ್ದಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಕಾನಿನಡಿಯ ಹಳ್ಳ, ಅಕೇಶಿಯಾದಡಿಯ ಹಳ್ಳ, ಬೋಳುಗುಡ್ಡದಡಿಯ ಹಳ್ಳ ಎಂದು ಕೆಲವನ್ನು ಆರಿಸಿ, ದೀಪಾವಳಿಯಿಂದ ಮುಂಗಾರಿನವರೆಗೆ ವಾರಕ್ಕೊಮ್ಮೆ ಹರಿವು ಅಳೆದು, ಕೆಳಗಿನ ತೋಟದ ಇಳುವರಿ, ರೋಗ, ಪಂಪಿನ ಖರ್ಚನ್ನು ಅದರ ಪಕ್ಕದಲ್ಲೇ ಬರೆದಿಡಲು ದೊಡ್ಡ ಹಣ ಬೇಕಿಲ್ಲ. ಹತ್ತು ವರ್ಷ ಬಿಡದೆ ಮಾಡಬೇಕು, ಅಷ್ಟೇ. ಆ ಪುಸ್ತಕ ಊರಿನ ಸೊಸೈಟಿಯಲ್ಲೇ ಸಿಗುವಂತಿದ್ದರೆ, ಗದ್ದೆಯನ್ನು ತೋಟ ಮಾಡಹೊರಟ ರೈತ ಮೇ ತಿಂಗಳಲ್ಲಿ ತನ್ನ ಹಳ್ಳ ಎಷ್ಟು ಕೊಟ್ಟೀತು ಎಂದು ಸಸಿ ತರುವ ಮೊದಲೇ ನೋಡಿಕೊಳ್ಳಬಹುದು.