ಕೊಯ್ಲು ಬಂದರೂ ಮಳೆ ಹೋಗದಿದ್ದರೆ...

ಗದ್ದೆಯಲ್ಲಿ ತೆನೆ ಬಾಗಿ ಬಣ್ಣ ತಿರುಗಿದಾಗ ಬೇಸಾಯದ ಮನೆಯಲ್ಲಿ ನೆಮ್ಮದಿ ಮೂಡಬೇಕು. ನಾಲ್ಕು ತಿಂಗಳ ದುಡಿಮೆ ಕೈಗೆ ಬರುವ ಹೊತ್ತು ಅದು. ಆದರೆ ನಮ್ಮ ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳಲ್ಲಿ ಈಗೀಗ ಆತಂಕ ಶುರುವಾಗುವುದೇ ಆ ಹೊತ್ತಿಗೆ. ಬೆಳಗ್ಗೆ ಎದ್ದವರು ಮೊದಲು ಆಕಾಶ ನೋಡುತ್ತಾರೆ. ಮೋಡ ಕಂಡರೆ ಕೊಯ್ಯಲು ಧೈರ್ಯವಿಲ್ಲ. ಕೊಯ್ಯದೆ ಬಿಟ್ಟರೆ ಪೈರು ಮಲಗಿ, ತೆನೆಯಲ್ಲೇ ಮೊಳಕೆ ಬರುತ್ತದೆ. ಕೊಯ್ದರೆ ಒಣಗಿಸುವುದು ಎಲ್ಲಿ?

ಕರಾವಳಿಯ ಏಣೆಲು ಬೆಳೆ ಕೊಯ್ಲಿಗೆ ಬರುವುದು ಹೆಚ್ಚಾಗಿ ಅಕ್ಟೋಬರ್ ಆಸುಪಾಸಿನಲ್ಲಿ. ಮಲೆನಾಡಿನಲ್ಲಿ ಅದು ನವೆಂಬರ್, ಡಿಸೆಂಬರ್‌ವರೆಗೂ ಹೋಗುತ್ತದೆ. ಮಳೆಗಾಲ ಮುಗಿಯಿತು, ಇನ್ನು ಬಿಸಿಲು ಎಂಬ ಹಿರಿಯರ ಲೆಕ್ಕಾಚಾರದ ಮೇಲೆ ನಿಂತ ಬೇಸಾಯ ಇದು. ಆ ಲೆಕ್ಕ ಈಗ ಅಲುಗಾಡುತ್ತಿದೆ. ಮುಂಗಾರು ವಾಯವ್ಯ ರಾಜಸ್ಥಾನದಿಂದ ಹಿಂದೆ ಸರಿಯಲು ತೊಡಗುವ ದಿನ ಸೆಪ್ಟೆಂಬರ್ 1 ಎಂದು ಹವಾಮಾನ ಇಲಾಖೆ ಹಿಂದೆ ಹೇಳುತ್ತಿತ್ತು. 2020ರಲ್ಲಿ ಅದನ್ನು ಸೆಪ್ಟೆಂಬರ್ 17 ಎಂದು ತಿದ್ದಲಾಯಿತು. ಮಳೆ ತಡವಾಗಿ ಹೋಗುತ್ತಿದೆ ಎಂಬ ನಮ್ಮ ಮನೆಯ ಅಜ್ಜಿಯಂದಿರ ಮಾತಿಗೆ ಇಲಾಖೆಯ ಮುದ್ರೆಯೂ ಬಿದ್ದಂತಾಯಿತು.

ಇದರ ಮೇಲೆ ಅರಬ್ಬೀ ಸಮುದ್ರದ ಚಂಡಮಾರುತಗಳು. 2009ರ ನವೆಂಬರ್‌ನಲ್ಲಿ ಬಂದ 'ಫಯಾನ್', 2019ರ ಅಕ್ಟೋಬರ್ ಕೊನೆಯ ವಾರದ 'ಕ್ಯಾರ್' ಎರಡೂ ಸರಿಯಾಗಿ ಕೊಯ್ಲಿನ ದಿನಗಳಲ್ಲೇ ಎದ್ದವು. 2021ರ ನವೆಂಬರ್‌ನಲ್ಲಂತೂ ಚಂಡಮಾರುತವಿಲ್ಲದೆಯೇ ರಾಜ್ಯದುದ್ದಕ್ಕೂ ಮಳೆ ಸುರಿಯಿತು. ಭತ್ತ, ರಾಗಿ, ಮೆಕ್ಕೆಜೋಳ, ಕಾಫಿ ಎಲ್ಲವೂ ನೀರಿಗೆ ಸಿಕ್ಕಿದವು. ಬಯಲುಸೀಮೆಯ ರಾಗಿ ಹೊಲಗಳಲ್ಲಿ ತೆನೆಯ ಮೇಲೆಯೇ ಹಸಿರು ಮೊಳಕೆ ಕಾಣಿಸಿತು.

ಒಂದು ಕ್ವಿಂಟಾಲಿಗೆ ಒಂದು ಕೊಡ ನೀರು

ಕೊಯ್ಲಾಯಿತು ಎಂದರೆ ಬೆಳೆ ಕೈಸೇರಿತು ಎಂದು ನಾವು ಹೇಳುತ್ತೇವೆ. ಆದರೆ ನಿಜವಾಗಿ ಕೈಸೇರುವುದು ಅದು ಒಣಗಿದ ಮೇಲೆ. ಕೊಯ್ಯುವಾಗ ಭತ್ತದಲ್ಲಿ ಶೇ. 20ರಿಂದ 25ರಷ್ಟು ನೀರಿನಂಶ ಇರುತ್ತದೆ. ಮಳೆಯಲ್ಲಿ ಕೊಯ್ದರೆ ಇನ್ನೂ ಹೆಚ್ಚು. ಪತ್ತಾಯದಲ್ಲೋ ಗೋಣಿಯಲ್ಲೋ ಕೆಡದೆ ಉಳಿಯಬೇಕಾದರೆ ಅದು ಶೇ. 14ಕ್ಕೆ ಇಳಿಯಬೇಕು. ಬಿತ್ತನೆಗೆ ಇಡುವುದಾದರೆ ಶೇ. 13ಕ್ಕಿಂತ ಮೇಲೆ ಹೋಗಬಾರದು. ರಾಗಿಗೆ ಖರೀದಿ ಕೇಂದ್ರದವರು ಕೇಳುವುದು ಶೇ. 12. ಭತ್ತವನ್ನು ಬೆಂಬಲ ಬೆಲೆಗೆ ಕೊಳ್ಳುವಾಗ ಅವರು ಒಪ್ಪುವ ಮಿತಿ ಶೇ. 17.

ಈ ಅಂಕಿಗಳನ್ನು ಮನೆಯ ಲೆಕ್ಕಕ್ಕೆ ತಂದು ನೋಡೋಣ. ಶೇ. 24ರಷ್ಟು ತೇವವಿರುವ ಒಂದು ಕ್ವಿಂಟಾಲ್ ಭತ್ತವನ್ನು ಶೇ. 14ಕ್ಕೆ ಇಳಿಸಿದರೆ ಉಳಿಯುವುದು ಸುಮಾರು 88 ಕಿಲೋ. ಅಂದರೆ ಹನ್ನೊಂದೂವರೆ ಲೀಟರಿನಷ್ಟು, ಹೆಚ್ಚುಕಡಿಮೆ ಒಂದು ಕೊಡ ನೀರನ್ನು ಕಾಳಿನೊಳಗಿಂದ ಹೊರಗೆ ತೆಗೆಯಬೇಕು! ಹತ್ತು ಕ್ವಿಂಟಾಲಿಗೆ ಹತ್ತು ಕೊಡ. ಬಾವಿಯಿಂದ ನೀರು ಸೇದುವ ಕಷ್ಟ ನಮಗೆ ಗೊತ್ತು. ಕಾಳಿನಿಂದ ನೀರು ತೆಗೆಯುವ ಕಷ್ಟ ಅದಕ್ಕಿಂತ ಕಡಿಮೆಯದ್ದಲ್ಲ. ಅದನ್ನು ಮಾಡುವವರೂ ಬಹುಪಾಲು ಮನೆಯ ಹೆಂಗಸರೇ.

ಹರಡುವುದು, ಕಾಲಿನಿಂದ ಗೀರು ಎಳೆದು ಮಗುಚುವುದು, ಕೋಳಿ ಓಡಿಸುವುದು, ಹನಿ ಬಿದ್ದ ಕೂಡಲೇ ಒಲೆಯ ಮೇಲಿನ ಪಾತ್ರೆ ಬಿಟ್ಟು ಓಡಿ ಬಂದು ರಾಶಿ ಮಾಡಿ ಟಾರ್ಪಾಲು ಮುಚ್ಚುವುದು, ಬಿಸಿಲು ಬಂದರೆ ಮತ್ತೆ ಹರಡುವುದು. ದಿನಕ್ಕೆ ನಾಲ್ಕೈದು ಸಲ ಇದೇ ಕೆಲಸ. ಉಳುವವರಿಗೆ, ನೆಡುವವರಿಗೆ, ಕೊಯ್ಯುವ ಯಂತ್ರಕ್ಕೆ ಬಾಡಿಗೆ, ಕೂಲಿ ಇದೆ. ಒಣಗಿಸುವ ಕೆಲಸ ಯಾವ ಖರ್ಚಿನ ಪಟ್ಟಿಯಲ್ಲೂ ಬರುವುದಿಲ್ಲ. ಆ ದಿನಗಳಲ್ಲಿ ತರಗತಿಗೆ ಬಾರದ ಹೆಣ್ಣುಮಕ್ಕಳನ್ನು ವಿಚಾರಿಸಿದರೆ ಉತ್ತರ ಒಂದೇ: "ಅಂಗಳದಲ್ಲಿ ಭತ್ತ ಇತ್ತು ಉಸ್ತಾದ್."

ಯಂತ್ರ ಬಂದ ಮೇಲೆ ಈ ಹೊರೆ ಹೆಚ್ಚಿದೆ ಎಂಬುದನ್ನೂ ಗಮನಿಸಬೇಕು. ಹಿಂದೆ ಕೊಯ್ದ ಪೈರು ಎರಡು ಮೂರು ದಿನ ಗದ್ದೆಯಲ್ಲೇ ಬಾಡುತ್ತಿತ್ತು. ಆಮೇಲೆ ಹೊರೆ ಕಟ್ಟಿ ತಂದು, ಪಡಿಮಂಚಕ್ಕೆ ಬಡಿದು ಕಾಳು ಬಿಡಿಸುತ್ತಿದ್ದರು. ಈಗ ಕಟಾವು ಯಂತ್ರ ಒಂದೆರಡು ಗಂಟೆಯಲ್ಲಿ ಎಕರೆಯ ಭತ್ತವನ್ನು ಹಸಿಯಾಗಿಯೇ ಅಂಗಳಕ್ಕೆ ಸುರಿಸುತ್ತದೆ. ಗದ್ದೆಯ ಕೆಲಸ ಹಗುರವಾಯಿತು, ಅಂಗಳದ ಕೆಲಸ ಭಾರವಾಯಿತು.

ಬೂಷ್ಟನ್ನು ಹಗುರವಾಗಿ ಕಾಣಬೇಡಿ

ಹಸಿ ಭತ್ತವನ್ನು ಗೋಣಿಯಲ್ಲಿ ಕಟ್ಟಿಟ್ಟರೆ ಒಂದೇ ರಾತ್ರಿಯಲ್ಲಿ ಒಳಗೆ ಬಿಸಿಯಾಗುತ್ತದೆ. ಕಾಳಿಗೂ ಉಸಿರಾಟವಿದೆ. ತೇವವಿದ್ದಷ್ಟೂ ಅದು ಹೆಚ್ಚು ಉಸಿರಾಡುತ್ತದೆ, ಬಿಸಿ ಏರುತ್ತದೆ. ಆ ಬಿಸಿ ಮತ್ತು ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಅಕ್ಕಿ ಹಳದಿಯಾಗುತ್ತದೆ, ಅನ್ನಕ್ಕೆ ಮುಗ್ಗು ವಾಸನೆ ಬರುತ್ತದೆ. "ತೊಳೆದು ಬೇಯಿಸಿದರೆ ಸರಿಹೋಗುತ್ತದೆ" ಎನ್ನುವವರಿದ್ದಾರೆ. ಎಲ್ಲ ಸಲ ಸರಿಹೋಗುವುದಿಲ್ಲ.

1974ರ ಕೊನೆಯಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಭಾಗದ ಬುಡಕಟ್ಟು ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂತು. ನೆನೆದ ಮೆಕ್ಕೆಜೋಳ ಸರಿಯಾಗಿ ಒಣಗದೆ ಬೂಷ್ಟು ಹಿಡಿಯಿತು. ಬೇರೆ ಆಹಾರವಿಲ್ಲದ ಬಡವರು ಅದನ್ನೇ ತಿಂದರು. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ಸುಮಾರು 400 ಮಂದಿ ಕಾಯಿಲೆ ಬಿದ್ದರು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ, ಬೂಷ್ಟು ಹುಟ್ಟಿಸುವ ಅಫ್ಲಾಟಾಕ್ಸಿನ್ ಎಂಬ ವಿಷ. ಅದು ಯಕೃತ್ತನ್ನು ಕೆಡಿಸುತ್ತದೆ. ಮನೆಯ ಒಲೆಯ ಬಿಸಿಗೆ ಅದು ಪೂರ್ತಿ ನಾಶವಾಗುವುದಿಲ್ಲ.

ಇದು ಎಲ್ಲೋ ದೂರದ ಕಥೆ ಎಂದುಕೊಳ್ಳಬೇಡಿ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿತು. ಫ್ಯುಮೋನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷವನ್ನು ಸಂಶೋಧಕರು ಆ ಧಾನ್ಯದಲ್ಲಿ ಗುರುತಿಸಿದರು.

ಭತ್ತಕ್ಕೆ ಹೊಟ್ಟಿನ ಕವಚ ಇರುವುದರಿಂದ ಮೆಕ್ಕೆಜೋಳ, ಶೇಂಗಾದಷ್ಟು ಅಪಾಯವಿಲ್ಲ. ಆದರೂ ಕಪ್ಪು, ಹಸಿರು ಬೂಷ್ಟು ಕಣ್ಣಿಗೆ ಕಾಣುವಂತಿದ್ದರೆ ಅದನ್ನು ಮಕ್ಕಳ ತಟ್ಟೆಗೆ ಹಾಕಬಾರದು. "ಹಾಳಾಗುವುದೇಕೆ, ಕೋಳಿಗೆ ಹಾಕೋಣ" ಎಂಬುದೂ ಬೇಡ. ಕೋಳಿಮರಿ, ಬಾತುಕೋಳಿಗಳು ಈ ವಿಷಕ್ಕೆ ಮನುಷ್ಯರಿಗಿಂತ ಬೇಗ ಬಲಿಯಾಗುತ್ತವೆ. ಬೂಷ್ಟು ಹಿಡಿದ ಮೇವನ್ನು ತಿಂದ ಹಸುವಿನ ಹಾಲಿನಲ್ಲೂ ಇದರ ಅಂಶ ಇಳಿಯುತ್ತದೆ. ಬೈಹುಲ್ಲನ್ನು ಒಣಗಿಸದೆ ರಾಶಿ ಹಾಕಿದವರು ಇದನ್ನು ನೆನಪಿಡಬೇಕು.

ಮಳೆಯ ನಡುವೆ ಒಣಗಿಸುವುದು ಹೇಗೆ?

ಮೊದಲ ಮಾತು, ಕೊಯ್ಲಿನ ದಿನದ್ದು. ತೆನೆಯ ಕಾಳುಗಳಲ್ಲಿ ನೂರಕ್ಕೆ 80ರಿಂದ 85 ಹುಲ್ಲಿನ ಬಣ್ಣಕ್ಕೆ ತಿರುಗಿದರೆ ಕೊಯ್ಯಬಹುದು. ಎಲ್ಲವೂ ಹಣ್ಣಾಗಲಿ ಎಂದು ಕಾದರೆ ಕಾಳು ಉದುರುತ್ತದೆ, ಮಳೆಗೂ ಸಿಗುತ್ತದೆ. ಕೊಯ್ಲಿಗೆ ಒಂದು ವಾರ, ಹತ್ತು ದಿನ ಮೊದಲೇ ಗದ್ದೆಯ ನೀರು ಬಿಡಬೇಕು. ಇಲ್ಲದಿದ್ದರೆ ಯಂತ್ರ ಹೂಳುತ್ತದೆ, ಕೊಯ್ಲು ಇನ್ನೂ ಮುಂದೆ ಹೋಗುತ್ತದೆ.

ಕಾಳು ಬಿಡಿಸಿದ 24 ಗಂಟೆಯೊಳಗೆ ಹರಡಲೇಬೇಕು. ಬಿಸಿಲು ಇಲ್ಲದಿದ್ದರೂ ಸರಿ, ಜಗಲಿ, ಚಾವಡಿ, ಮಲಗುವ ಕೋಣೆ, ಎಲ್ಲಿ ಜಾಗವಿದೆಯೋ ಅಲ್ಲಿ ತೆಳ್ಳಗೆ ಹರಡಿ ಫ್ಯಾನ್ ಹಾಕಿ. ಗಾಳಿಯಲ್ಲೇ ತೇವ ತುಂಬಿರುವಾಗ ಫ್ಯಾನಿನಿಂದ ಪೂರ್ತಿ ಒಣಗುವುದಿಲ್ಲ. ಆದರೆ ಬಿಸಿಯೇರಿ ಮುಗ್ಗುವುದು ತಪ್ಪುತ್ತದೆ. ಬಿಸಿಲು ಬರುವ ತನಕ ಎರಡು ಮೂರು ದಿನದ ಅವಕಾಶ ಸಿಗುತ್ತದೆ. ಒಂದು ಗೇಣು ರಾಶಿಯನ್ನು ಮುಚ್ಚಿಡುವುದಕ್ಕಿಂತ ತೆರೆದು ಹರಡಿದ್ದೇ ಮೇಲು.

ಬಿಸಿಲಿಗೆ ಹಾಕುವಾಗ ಎರಡರಿಂದ ನಾಲ್ಕು ಸೆಂಟಿಮೀಟರ್ ದಪ್ಪ, ಅಂದರೆ ಎರಡು ಬೆರಳಿನಷ್ಟು ಸಾಕು. ಅರ್ಧ ಗಂಟೆಗೊಮ್ಮೆ ಮಗುಚಬೇಕು. ಬರಿಯ ನೆಲಕ್ಕೆ ಹಾಕಬೇಡಿ, ಕೆಳಗಿನಿಂದ ತೇವ ಏರುತ್ತದೆ. ಒಣಗಿದ ಭತ್ತ ಮತ್ತೆ ನೆನೆದರೆ ಕಾಳಿನೊಳಗೆ ಬಿರುಕು ಬಿಟ್ಟು ಮಿಲ್ಲಿನಲ್ಲಿ ನುಚ್ಚಾಗುತ್ತದೆ. ಆದ್ದರಿಂದ ಸಂಜೆ ಇಬ್ಬನಿ ಬೀಳುವ ಮೊದಲೇ ರಾಶಿ ಮಾಡಿ ಮುಚ್ಚಿ. ಡಾಂಬರು ರಸ್ತೆಯಲ್ಲಿ ಹರಡುವ ರೂಢಿಯಂತೂ ಬೇಡವೇ ಬೇಡ. ಕಾಳಿಗೆ ಕಲ್ಲು, ಎಣ್ಣೆ ಸೇರುತ್ತದೆ. ಬೈಕಿನವರು ಜಾರಿ ಬೀಳುತ್ತಾರೆ.

ಅಡಿಕೆ ಬೆಳೆಗಾರರು ಅಂಗಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ ಚಪ್ಪರ ಹಾಕುತ್ತಾರಲ್ಲ, ಭತ್ತಕ್ಕೂ ಅದು ಒಳ್ಳೆಯದು. ಬದಿಗಳಲ್ಲಿ ಗಾಳಿಯಾಡಲು ಬಿಟ್ಟರೆ ಹನಿ ಮಳೆಯಲ್ಲೂ ಕೆಲಸ ನಿಲ್ಲುವುದಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ಹಾಕಿಕೊಂಡರೆ ಖರ್ಚೂ ಹಗುರ.

ಕುಚ್ಚಲಕ್ಕಿ ಉಣ್ಣುವ ನಮಗೆ ಇನ್ನೊಂದು ದಾರಿಯಿದೆ. ಮೊಳಕೆ, ಬೂಷ್ಟು ಬರುವ ಮೊದಲೇ ಹಸಿ ಭತ್ತವನ್ನು ಬೇಯಿಸಿಬಿಟ್ಟರೆ ಮೊಳಕೆ ನಿಲ್ಲುತ್ತದೆ. ಆದರೆ ಬೇಯಿಸಿದ ಭತ್ತದಲ್ಲಿ ನೀರು ಇನ್ನೂ ಹೆಚ್ಚು. ಬಿಸಿಲಿನ ಭರವಸೆ ಇದ್ದರೆ ಅಥವಾ ಹತ್ತಿರದ ಮಿಲ್ಲಿನಲ್ಲಿ ಒಣಗಿಸುವ ಯಂತ್ರ ಇದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಒಣಗಿದೆಯೇ ಎಂದು ತಿಳಿಯುವುದು ಹೇಗೆ? ಹಲ್ಲಿನಲ್ಲಿ ಕಚ್ಚಿದರೆ 'ಕಟ್' ಎಂದು ಮುರಿಯಬೇಕು ಎಂಬುದು ಹಿರಿಯರ ಪರೀಕ್ಷೆ. ಇನ್ನೊಂದು ಸುಲಭ ಪರೀಕ್ಷೆ ಉಪ್ಪಿನದು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಒಂದು ಮುಷ್ಟಿ ಕಾಳು, ಎರಡು ಚಮಚ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ ಮುಚ್ಚಿ, ಸ್ವಲ್ಪ ಹೊತ್ತು ಕುಲುಕಿ. ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ಕಾಳಿನಲ್ಲಿ ಶೇ. 15ಕ್ಕಿಂತ ಹೆಚ್ಚು ತೇವ ಇದೆ ಎಂದರ್ಥ. ಇನ್ನೊಂದು ಬಿಸಿಲು ಬೇಕು.

ನಷ್ಟವಾದರೆ 72 ಗಂಟೆ

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆ ಎಂದರೆ ಗದ್ದೆಯಲ್ಲಿ ನಿಂತ ಬೆಳೆಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕೊಯ್ದು ಗದ್ದೆಯಲ್ಲೇ ಒಣಗಲು ಬಿಟ್ಟ ಬೆಳೆ 14 ದಿನಗಳೊಳಗೆ ಚಂಡಮಾರುತಕ್ಕೋ ಅಕಾಲ ಮಳೆಗೋ ಸಿಕ್ಕಿ ಹಾಳಾದರೂ ಪರಿಹಾರಕ್ಕೆ ಅವಕಾಶವಿದೆ. ಆದರೆ ಮೊದಲೇ ಕಂತು ಕಟ್ಟಿರಬೇಕು, ಮುಂಗಾರು ಆಹಾರ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ. 2. ನಷ್ಟವಾದ 72 ಗಂಟೆಯೊಳಗೆ ವಿಮಾ ಕಂಪೆನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಿರಬೇಕು. ಗಂಡಸರು ಊರಲ್ಲಿ, ಗಲ್ಫಿನಲ್ಲಿ ದುಡಿಯುತ್ತಾ ಹೆಂಗಸರೇ ಬೇಸಾಯ ನೋಡಿಕೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಪಹಣಿ, ಬ್ಯಾಂಕ್ ಪುಸ್ತಕ, ವಿಮೆಯ ರಸೀದಿ ಎಲ್ಲಿವೆ ಎಂದು ಅವರಿಗೆ ಗೊತ್ತಿರಲಿ. ದುಬೈಗೆ ಫೋನು ಮಾಡಿ ಕೇಳುವಷ್ಟರಲ್ಲಿ 72 ಗಂಟೆ ಕಳೆದುಹೋಗಬಾರದು.

ಒದ್ದೆ ಕಾಳು ಒಳಗೆ, ಒಣ ಕಾಳು ಮೇಲೆ

ಸಂಕಟದಲ್ಲಿರುವವರಿಗೆ ಒಂದು ಆಸೆ ಬರುತ್ತದೆ. ಗೋಣಿಯ ನಡುವೆ ಒದ್ದೆ ಭತ್ತ ತುಂಬಿ, ಮೇಲೆ ಒಣಗಿದ್ದು ಹಾಕಿ ಮಾರಿಬಿಡುವುದು. ಪ್ರವಾದಿ(ಸ)ರವರ ಕಾಲದ ಪೇಟೆಯಲ್ಲಿ ನಡೆದದ್ದು ಇದೇ. ಅವರು ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ತೇವ ತಾಗಿತು. ವಿಚಾರಿಸಿದಾಗ ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬೇಕಿತ್ತು ಎಂದು ಅವರು ತಿದ್ದಿದರು, ವಂಚಿಸುವವನು ತಮ್ಮವನಲ್ಲ ಎಂದರು. ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಈ ಘಟನೆಯಲ್ಲಿ ಮಳೆಯನ್ನು ಯಾರೂ ತಪ್ಪೆನ್ನಲಿಲ್ಲ. ನೆನೆದದ್ದನ್ನು ನೆನೆದದ್ದೆಂದೇ ಮಾರಬಹುದು, ಬೆಲೆ ಕಡಿಮೆ ಸಿಗಬಹುದು. ಅಡಗಿಸಿಟ್ಟರೆ ಆ ತೇವ ಇನ್ನೊಬ್ಬರ ಮನೆಯ ಮಕ್ಕಳ ಅನ್ನಕ್ಕೆ ಹೋಗುತ್ತದೆ.

ಹಾಗೆಂದು ಪ್ರಾಮಾಣಿಕರಾಗಿರಿ ಎಂದು ರೈತರಿಗಷ್ಟೇ ಹೇಳಿ ಕೈತೊಳೆದುಕೊಂಡರೆ ಸಾಲದು. ಒಣಗಿಸಲು ಜಾಗವಿಲ್ಲದವರಿಗೆ ಜಾಗ ಕೊಡುವುದು ಊರಿನ ಜವಾಬ್ದಾರಿ. ನಮ್ಮ ಊರುಗಳಲ್ಲಿ ಮದುವೆ ಹಾಲ್‌ಗಳಿವೆ, ಮದ್ರಸದ ಉದ್ದದ ಜಗಲಿಗಳಿವೆ, ಶೀಟು ಹೊದಿಸಿದ ಸಭಾಂಗಣಗಳಿವೆ. ಅಕ್ಟೋಬರ್, ನವೆಂಬರ್‌ನ ಮಳೆಯ ದಿನಗಳಲ್ಲಿ ಅವುಗಳಲ್ಲಿ ಎಷ್ಟೋ ಖಾಲಿ ಬಿದ್ದಿರುತ್ತವೆ. ಜಮಾಅತ್ ಕಮಿಟಿಯವರು ಮನಸ್ಸು ಮಾಡಿದರೆ ಒಂದು ವಾರ ಬಾಗಿಲು ತೆರೆದು ನಾಲ್ಕು ಫ್ಯಾನ್ ಹಾಕಿಸಬಹುದು. ಭತ್ತ ಯಾವ ಮನೆಯದು, ಯಾವ ಜಾತಿ ಧರ್ಮದವರದು ಎಂದು ಕೇಳುವ ಅಗತ್ಯವಿಲ್ಲ.

ಸಹೋದರಿಯರೇ, ಈ ಮಾತನ್ನು ಕಮಿಟಿಯ ಸಭೆಗೆ ಮುಟ್ಟಿಸಬೇಕಾದವರು ನೀವು. ಮೋಡ ಕಂಡಾಗ ಅಂಗಳಕ್ಕೆ ಓಡುವ ಕಾಲುಗಳು ನಿಮ್ಮವು, ಎಷ್ಟು ಭತ್ತಕ್ಕೆ ಎಷ್ಟು ಜಾಗ ಬೇಕೆಂದು ಬಲ್ಲವರೂ ನೀವೇ. ಮುಂದಿನ ಕೊಯ್ಲಿಗೆ ಮೊದಲು, ಸೆಪ್ಟೆಂಬರ್‌ನಲ್ಲೇ ನಿಮ್ಮ ಮನೆಯ ಗಂಡಸರ ಮೂಲಕ ಒಂದು ಅರ್ಜಿ ಕೊಡಿಸಿ, ಇಲ್ಲವೇ ನೀವೇ ಬರೆದು ಕಳಿಸಿ. ಮಳೆಯನ್ನು ತಡೆಯುವ ಶಕ್ತಿ ನಮಗಿಲ್ಲ. ನೆರೆಮನೆಯ ಭತ್ತಕ್ಕೆ ಒಂದು ಸೂರು ಕೊಡುವ ಶಕ್ತಿ ಇದೆ.